ಕರಾವಳಿಯ ಸೆಕೆಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್: ತಂಪು ಮೊದಲು, ವೇಗ ಆಮೇಲೆ

ಗೇಮಿಂಗ್ ಲ್ಯಾಪ್‌ಟಾಪುಗಳ ವಿಮರ್ಶೆಯಲ್ಲಿ ಕಾಣುವ ಉಷ್ಣಾಂಶದ ಅಂಕಿಗಳು ಕಾಸರಗೋಡಿನವರಿಗೆ ಹೊಂದುವುದಿಲ್ಲ. ಅವನ್ನು ಅಳೆಯುವುದು ಸಾಮಾನ್ಯವಾಗಿ 22ರಿಂದ 25 ಡಿಗ್ರಿಯ ಹವಾನಿಯಂತ್ರಿತ ಕೋಣೆಯಲ್ಲಿ. ಬದಿಯಡ್ಕದಲ್ಲೋ ಮುಳ್ಳೇರಿಯದಲ್ಲೋ ಏಪ್ರಿಲ್ ತಿಂಗಳ ಮಧ್ಯಾಹ್ನ ತಾರಸಿಯ ಕೆಳಗಿನ ಕೋಣೆ 34 ಡಿಗ್ರಿಗಿಂತ ಮೇಲೆಯೇ ಇರುತ್ತದೆ. ಕೋಣೆಯ ಬಿಸಿ ಹತ್ತು ಡಿಗ್ರಿ ಏರಿದರೆ ಚಿಪ್ಪಿನ ಬಿಸಿಯೂ ಹೆಚ್ಚುಕಡಿಮೆ ಹತ್ತೇ ಡಿಗ್ರಿ ಏರುತ್ತದೆ. ವಿಮರ್ಶಕರ ಮೇಜಿನ ಮೇಲೆ 86 ಡಿಗ್ರಿಯಲ್ಲಿ ಆರಾಮವಾಗಿದ್ದ ಯಂತ್ರ ನಿಮ್ಮ ಮೇಜಿನ ಮೇಲೆ 96ಕ್ಕೆ ಬಂದು, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಓವರ್‌ಕ್ಲಾಕಿಂಗ್ (ಚಿಪ್ಪನ್ನು ಕಾರ್ಖಾನೆ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಬರುವುದು ಆರನೆಯ ಹಂತದಲ್ಲಿ. ಅದಕ್ಕಿಂತ ಮೊದಲಿನ ಐದು ಹಂತಗಳೂ ಬಿಸಿಯನ್ನು ಹೊರಗೆ ಕಳುಹಿಸುವುದಕ್ಕೆ, ಬಿಸಿ ಹುಟ್ಟುವುದನ್ನೇ ಕಡಿಮೆ ಮಾಡುವುದಕ್ಕೆ ಸಂಬಂಧಿಸಿದವು. ಐದನೆಯ ಹಂತ ಮುಗಿದಾಗಲೇ ಬಹುತೇಕ ಲ್ಯಾಪ್‌ಟಾಪುಗಳು ಮೊದಲಿಗಿಂತ ವೇಗವಾಗಿ ಓಡುತ್ತಿರುತ್ತವೆ. ಅಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ.

ಒಂದು ತಪ್ಪು ಕಲ್ಪನೆಯನ್ನು ಮೊದಲೇ ತೆಗೆದುಹಾಕಬೇಕು. ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಲ್ಯಾಪ್‌ಟಾಪ್ ತಣ್ಣಗಾಗುವುದಿಲ್ಲ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಸೆಕೆ ಕಾಡುವುದು ಮನುಷ್ಯರನ್ನು, ಏಕೆಂದರೆ ನಾವು ತಣ್ಣಗಾಗುವುದು ಬೆವರು ಆರುವುದರಿಂದ. ಲ್ಯಾಪ್‌ಟಾಪ್ ಬೆವರುವುದಿಲ್ಲ. 32 ಡಿಗ್ರಿಯ ಒಣಗಾಳಿಯೂ 32 ಡಿಗ್ರಿಯ ತೇವದ ಗಾಳಿಯೂ ಅದಕ್ಕೆ ಬಹುತೇಕ ಒಂದೇ. ತೇವ ಹಾಳು ಮಾಡುವುದು ಬೇರೆ ದಾರಿಯಿಂದ. ಅದನ್ನು ಮುಂದೆ ನೋಡೋಣ.

ನಿಮ್ಮ ಯಂತ್ರ ಯಾವ ಜಾತಿಯದು?

ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ಎಚ್‌ಎಕ್ಸ್ ಅಥವಾ ಎಚ್‌ಕೆ ಎಂದಿದ್ದರೆ ಅದರ ಗುಣಕಕ್ಕೆ (ವೇಗವನ್ನು ನಿರ್ಧರಿಸುವ ಅಂಕಿಗೆ) ಸಾಮಾನ್ಯವಾಗಿ ಬೀಗವಿರುವುದಿಲ್ಲ, ವೇಗ ಏರಿಸಬಹುದು. ಬರೀ ಎಚ್ ಇದ್ದರೆ ಬೀಗ ಬಿದ್ದಿದೆ. ಆದರೆ ಬೀಗ ಇಲ್ಲದ ಮಾತ್ರಕ್ಕೆ ಹಿಗ್ಗಬೇಕಾಗಿಲ್ಲ. ಕೋರ್ ಐ9 13980ಎಚ್‌ಎಕ್ಸ್ ಪ್ರೊಸೆಸರಿನ ಮೂಲ ವಿದ್ಯುತ್ ಬಳಕೆ 55 ವ್ಯಾಟ್, ಗರಿಷ್ಠ ಟರ್ಬೊದಲ್ಲಿ, ಅಂದರೆ ಸ್ವಲ್ಪ ಹೊತ್ತಿನ ಅತಿವೇಗದಲ್ಲಿ, 157 ವ್ಯಾಟ್. ಎರಡು ಬೆರಳು ದಪ್ಪದ ಪೆಟ್ಟಿಗೆಯೊಳಗಿನಿಂದ 157 ವ್ಯಾಟ್ ಬಿಸಿಯನ್ನು ಬಹಳ ಹೊತ್ತು ಹೊರಹಾಕುವುದು ತಣ್ಣನೆಯ ಊರಿನಲ್ಲೂ ಕಷ್ಟ. ಕಾರ್ಖಾನೆಯೇ ಅದನ್ನು ಅಂಚಿನವರೆಗೆ ಓಡಿಸಿ ಕಳುಹಿಸಿರುವಾಗ ನಮಗೆ ಏರಿಸಲು ಉಳಿದಿರುವ ಜಾಗ ಕಡಿಮೆ.

ಗ್ರಾಫಿಕ್ಸ್ ಚಿಪ್ಪಿನ ವಿಷಯದಲ್ಲಿ ಹೆಸರನ್ನು ನಂಬಬೇಡಿ, ವ್ಯಾಟ್ ನೋಡಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನಲ್ಲಿ 35 ವ್ಯಾಟಿನಿಂದ 115 ವ್ಯಾಟಿನವರೆಗಿನ ಯಂತ್ರಗಳಿವೆ. 60 ವ್ಯಾಟಿನದನ್ನು ಎಷ್ಟು ತಿದ್ದಿದರೂ 115 ವ್ಯಾಟಿನದಾಗುವುದಿಲ್ಲ. ಈ ಮಿತಿ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಮೂಲ ತಂತ್ರಾಂಶವಾದ ವಿಬಯೋಸ್‌ನಲ್ಲಿ ಕುಳಿತಿರುತ್ತದೆ. ಬೇರೆ ಲ್ಯಾಪ್‌ಟಾಪಿನ ವಿಬಯೋಸ್ ತಂದು ಬರೆಯುವ ಸಾಹಸದ ವಿಡಿಯೊಗಳನ್ನು ನೋಡಿ ಕೈಹಾಕಬೇಡಿ. ಕೆಟ್ಟರೆ ಮದರ್‌ಬೋರ್ಡನ್ನೇ ಬದಲಿಸಬೇಕಾಗಬಹುದು.

ಇನ್ನೊಂದು ಮಾತು. ನಿಮ್ಮ ಲ್ಯಾಪ್‌ಟಾಪಿನಲ್ಲಿ ರ್‍ಯಾಮ್ ಒಂದೇ ಪಟ್ಟಿಯಲ್ಲಿ ಇದ್ದರೆ ಅದಕ್ಕೆ ಜೋಡಿ ತಂದು ಹಾಕಿ. ಹಲವು ಆಟಗಳಲ್ಲಿ ಓವರ್‌ಕ್ಲಾಕಿಂಗ್ ಕೊಡುವುದಕ್ಕಿಂತ ಹೆಚ್ಚಿನ ಲಾಭ ಅದರಿಂದಲೇ ಸಿಗುತ್ತದೆ, ಅದೂ ಬಿಸಿ ಏರದೆ.

ಹಂತ 1: ಅಳೆಯಿರಿ, ಬರೆದಿಡಿ

ಬೇಕಾದ ತಂತ್ರಾಂಶಗಳು ಮೂರು: ಉಷ್ಣಾಂಶ ನೋಡಲು ಎಚ್‌ಡಬ್ಲ್ಯುಇನ್ಫೊ, ಪ್ರೊಸೆಸರಿಗೆ ಭಾರ ಹೊರಿಸಲು ಸಿನಿಬೆಂಚ್, ಗ್ರಾಫಿಕ್ಸ್ ತಿದ್ದಲು ಎಂಎಸ್‌ಐ ಆಫ್ಟರ್‌ಬರ್ನರ್. ಮೂರೂ ಉಚಿತ. ಇವುಗಳ ಜೊತೆಗೆ ಗೋಡೆಗೆ ನೇತುಹಾಕುವ ಒಂದು ಅಗ್ಗದ ಉಷ್ಣಮಾಪಕವೂ ಬೇಕು. ಅದಿಲ್ಲದೆ ಉಳಿದ ಅಂಕಿಗಳಿಗೆ ಅರ್ಥವಿಲ್ಲ.

ಚಾರ್ಜರ್ ಸಿಕ್ಕಿಸಿ, ತಯಾರಕರ ತಂತ್ರಾಂಶದಲ್ಲಿ ಅತಿ ಹೆಚ್ಚಿನ ಸಾಮರ್ಥ್ಯದ ಮೋಡ್ ಆರಿಸಿ. ಸಿನಿಬೆಂಚನ್ನು ಹತ್ತು ನಿಮಿಷ ಸತತವಾಗಿ ಓಡಿಸಿ. ಆಮೇಲೆ ನೀವು ನಿಜವಾಗಿ ಆಡುವ ಆಟವನ್ನು ಅರ್ಧ ಗಂಟೆ ಆಡಿ. ಮೊದಲ ಎರಡು ನಿಮಿಷದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ; ಲೋಹದ ಭಾಗಗಳು ಆಗ ಇನ್ನೂ ಬಿಸಿ ಹೀರಿಕೊಳ್ಳುತ್ತಿರುತ್ತವೆ.

ಬರೆದಿಡಬೇಕಾದವು: ಕೋಣೆಯ ಉಷ್ಣಾಂಶ, ಪ್ರೊಸೆಸರಿನ ಉಷ್ಣಾಂಶ ಮತ್ತು ವ್ಯಾಟ್, ಅದರ ಸರಾಸರಿ ವೇಗ, ಗ್ರಾಫಿಕ್ಸಿನ ಉಷ್ಣಾಂಶ, ವ್ಯಾಟ್, ವೇಗ ಮತ್ತು ವೋಲ್ಟೇಜ್, ಆಟದ ಫ್ರೇಮ್ ದರ (ಪರದೆಗೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ). ಎಚ್‌ಡಬ್ಲ್ಯುಇನ್ಫೊದಲ್ಲಿ ಥರ್ಮಲ್ ಥ್ರಾಟ್ಲಿಂಗ್ (ಬಿಸಿಯಿಂದಾಗಿ ವೇಗ ತಗ್ಗಿಸಿಕೊಳ್ಳುವುದು) ಎಂಬ ಸಾಲಿನ ಮುಂದೆ 'ಯೆಸ್' ಎಂದು ಬಂದಿದೆಯೇ ಎಂದೂ ನೋಡಿ. ಪ್ರೊಸೆಸರಿನ ಮಿತಿ ಮಾದರಿಗೆ ತಕ್ಕಂತೆ 95ರಿಂದ 105 ಡಿಗ್ರಿ. ಎನ್‌ವಿಡಿಯಾದ ಲ್ಯಾಪ್‌ಟಾಪ್ ಚಿಪ್ಪುಗಳು ಸಾಮಾನ್ಯವಾಗಿ 87 ಡಿಗ್ರಿಯ ಆಸುಪಾಸಿನಲ್ಲಿ ವೇಗ ಕಡಿಮೆ ಮಾಡತೊಡಗುತ್ತವೆ.

ಮುಂದೆ ಪ್ರತಿಸಲ ಹೋಲಿಸುವಾಗ ಚಿಪ್ಪಿನ ಉಷ್ಣಾಂಶದಿಂದ ಕೋಣೆಯ ಉಷ್ಣಾಂಶವನ್ನು ಕಳೆದು ಹೋಲಿಸಿ. ಮೇ ತಿಂಗಳಲ್ಲಿ ಅಳೆದು, ಚಿಪ್ಪಿಗೂ ಅದರ ಮೇಲಿನ ತಾಮ್ರಕ್ಕೂ ನಡುವೆ ಬಿಸಿ ದಾಟಿಸುವ ಪೇಸ್ಟ್ ಬದಲಿಸಿ, ಜುಲೈಯ ಮಳೆಯಲ್ಲಿ ಮತ್ತೆ ಅಳೆದು "ಎಂಟು ಡಿಗ್ರಿ ಇಳಿಯಿತು" ಎಂದು ಸಂಭ್ರಮಿಸುವವರನ್ನು ಬೇಕಾದಷ್ಟು ಕಂಡಿದ್ದೇನೆ. ಇಳಿಸಿದ್ದು ಮಳೆಯೇ ಹೊರತು ಪೇಸ್ಟ್ ಅಲ್ಲ.

ಹಂತ 2: ಗಾಳಿಗೆ ದಾರಿ

ಲ್ಯಾಪ್‌ಟಾಪಿನ ಹಿಂಭಾಗವನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸಿ. ಎರಡು ಮರದ ತುಂಡುಗಳು ಸಾಕು. ಬಹುತೇಕ ಗೇಮಿಂಗ್ ಯಂತ್ರಗಳು ಗಾಳಿ ಸೆಳೆಯುವುದು ಅಡಿಯಿಂದ. ಅಡಿ ಮೇಜಿಗೆ ಅಂಟಿದ್ದರೆ ಉಸಿರು ಕಟ್ಟುತ್ತದೆ. ಹಾಸಿಗೆಯ ಮೇಲಿಟ್ಟು ಆಡುವವರಿಗೆ ಈ ಲೇಖನದಲ್ಲಿ ಮುಂದೆ ಓದುವಂಥದ್ದೇನೂ ಇಲ್ಲ.

ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಕೂಲಿಂಗ್ ಪ್ಯಾಡುಗಳ ಬಗ್ಗೆ ನನಗೆ ದೊಡ್ಡ ಗೌರವವಿಲ್ಲ. ಬಣ್ಣದ ದೀಪ ಹೊತ್ತ ಸಣ್ಣ ಫ್ಯಾನುಗಳು ಮಾಡುವ ಕೆಲಸದಲ್ಲಿ ಹೆಚ್ಚಿನ ಪಾಲು ಲ್ಯಾಪ್‌ಟಾಪನ್ನು ಎತ್ತರಿಸುವುದೇ. ಸುತ್ತ ಸ್ಪಂಜಿನ ಅಂಚು ಇದ್ದು, ಒಂದೇ ದೊಡ್ಡ ಬ್ಲೋವರಿನಿಂದ ಗಾಳಿಯನ್ನು ಒತ್ತಿ ಒಳಗೆ ನುಗ್ಗಿಸುವ ಪ್ಯಾಡುಗಳು ನಿಜವಾಗಿ ಕೆಲಸ ಮಾಡುತ್ತವೆ. ಅವುಗಳ ಬೊಬ್ಬೆ ಮಾತ್ರ ಪಕ್ಕದ ಕೋಣೆಯವರನ್ನೂ ಎಬ್ಬಿಸುತ್ತದೆ, ಧೂಳನ್ನೂ ಹೆಚ್ಚು ಒಳಗೆಳೆಯುತ್ತವೆ. ಸೋಸುಜಾಲರಿ ಇರುವ ಮಾದರಿಯನ್ನೇ ಕೊಳ್ಳಿ.

ಧೂಳಿನ ವಿಷಯದಲ್ಲಿ ನಮ್ಮ ಊರಿಗೆ ತನ್ನದೇ ಗುಣವಿದೆ. ಅಂಗಳದಲ್ಲಿ ಒಣಗಿದ ಚಾಲಿ ಅಡಿಕೆಯನ್ನು ಸುಲಿಯುವ ಕಾಲದಲ್ಲಿ ಸಿಪ್ಪೆಯ ನವಿರಾದ ನಾರು ಮನೆಯೊಳಗೆಲ್ಲ ಹಾರುತ್ತದೆ. ಹೆದ್ದಾರಿ ಅಗಲೀಕರಣದ ದಿನಗಳಲ್ಲಿ ರಸ್ತೆ ಬದಿಯ ಮನೆಗಳಿಗೆ ಕೆಂಪು ಮಣ್ಣಿನ ಧೂಳೂ ಸೇರಿತು. ಲ್ಯಾಪ್‌ಟಾಪಿನ ಫ್ಯಾನು ಈ ನಾರನ್ನೂ ಮಣ್ಣನ್ನೂ ಎಳೆದು ತಾಮ್ರದ ತೆಳು ರೆಕ್ಕೆಗಳ ಮೇಲೆ ಒಗೆಯುತ್ತದೆ. ರೆಕ್ಕೆಗಳ ನಡುವಿನ ಸಂದು ಒಂದು ಮಿಲಿಮೀಟರಿನಷ್ಟೇ. ಮೊದಲು ನಾರು ಅಡ್ಡ ನಿಲ್ಲುತ್ತದೆ, ನಾರಿಗೆ ಮಣ್ಣು ಹಿಡಿಯುತ್ತದೆ, ಮಳೆಗಾಲದ ತೇವಕ್ಕೆ ಅದು ಗಟ್ಟಿಯಾಗಿ ಕಂಬಳಿಯ ತುಂಡಿನಂತೆ ಮೆತ್ತಿಕೊಳ್ಳುತ್ತದೆ. ತೇವ ಮಾಡುವ ನಿಜವಾದ ಹಾನಿಗಳಲ್ಲಿ ಇದು ಮೊದಲನೆಯದು.

ಈ ಪದರ ಹೊರಗಿನಿಂದ ಕಾಣುವುದಿಲ್ಲ ಎಂಬುದೇ ತೊಂದರೆ. ಹಿಂದಿನ ಕಿಂಡಿಗಳಲ್ಲಿ ಟಾರ್ಚ್ ಬಿಟ್ಟು ನೋಡಿದರೆ ರೆಕ್ಕೆಗಳು ಫಳಫಳ ಹೊಳೆಯುತ್ತವೆ. ಪದರ ಕುಳಿತಿರುವುದು ರೆಕ್ಕೆಗಳ ಒಳಮುಖದಲ್ಲಿ, ಫ್ಯಾನಿಗೂ ರೆಕ್ಕೆಗೂ ನಡುವೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಕಳಚಿ ಫ್ಯಾನಿನ ಮೇಲೆ ಬಿದ್ದು, ಮತ್ತೆ ಹೊಸದಾಗಿ ಹೋಗಿ ಅಲ್ಲೇ ಅಂಟುತ್ತದೆ. ತೆರೆದೇ ತೆಗೆಯಬೇಕು.

ತೆರೆಯುವ ಕ್ರಮ: ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ತೆಗೆಯಿರಿ. ಅಡಿಯ ಸ್ಕ್ರೂಗಳನ್ನು ಬಿಚ್ಚುವಾಗ ಒಂದು ಕಾಗದದ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲಲ್ಲೇ ಚುಚ್ಚಿಡಿ. ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಬೋರ್ಡನ್ನು ತೂತು ಮಾಡುತ್ತದೆ. ಅಡಿ ತಟ್ಟೆಯನ್ನು ಪ್ಲಾಸ್ಟಿಕ್ ಚಪ್ಪಟೆಯಿಂದ, ಹಳೆಯ ಎಟಿಎಂ ಕಾರ್ಡಾದರೂ ಸರಿ, ಅಂಚಿನಿಂದ ನಿಧಾನವಾಗಿ ಎಬ್ಬಿಸಿ. ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಆಮೇಲೆ ಫ್ಯಾನಿನ ತಂತಿ ಬಿಡಿಸಿ, ಫ್ಯಾನನ್ನು ಹೊರತೆಗೆದು, ಪದರವನ್ನು ಚಿಮುಟದಿಂದ ಎತ್ತಿ. ಸಾಮಾನ್ಯವಾಗಿ ಇಡಿಯಾಗಿಯೇ ಎದ್ದು ಬರುತ್ತದೆ. ಉಳಿದದ್ದನ್ನು ಮೃದು ಬ್ರಷ್ಷಿನಿಂದ ತೆಗೆಯಿರಿ.

ಗಾಳಿ ಊದುವುದಾದರೆ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದುಕೊಂಡಿರಿ. ಮಿತಿಮೀರಿದ ವೇಗದಲ್ಲಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಮೂತಿಯಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ.

ಅಡಿಕೆ ತೋಟದ ಮನೆಗಳಲ್ಲಿ ಈ ಕೆಲಸ ವರ್ಷಕ್ಕೆ ಎರಡು ಸಲ: ಸುಲಿಯುವ ಕೆಲಸ ಮುಗಿದ ಮೇಲೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ. ವಾರಂಟಿ ಇನ್ನೂ ಇದ್ದರೆ, ತೆರೆಯುವುದರಿಂದ ಅದು ಹೋಗುತ್ತದೆಯೇ ಎಂದು ತಯಾರಕರ ನಿಯಮ ಓದಿಕೊಳ್ಳಿ.

ಹಂತ 3: ಪೇಸ್ಟ್ ಮತ್ತು ಪ್ಯಾಡ್

ಇಲ್ಲಿಯವರೆಗಿನ ಕೆಲಸ ಯಾರು ಬೇಕಾದರೂ ಮಾಡಬಹುದು. ಇಲ್ಲಿಂದ ಮುಂದೆ ಕೈ ನಡುಗದವರಿಗೆ ಮಾತ್ರ. ಧೈರ್ಯವಿಲ್ಲದಿದ್ದರೆ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಚಿಪ್ ಮಟ್ಟದ ದುರಸ್ತಿ ಮಾಡುವವರ ಬಳಿಗೆ ಹೋಗಿ. ಆದರೆ ಹಾಕಬೇಕಾದ ವಸ್ತುವನ್ನು ನೀವೇ ಕೊಂಡು ಕೊಡಿ. ಇಲ್ಲದಿದ್ದರೆ ದೊಡ್ಡ ಡಬ್ಬಿಯಲ್ಲಿ ಬರುವ ಬಿಳಿ ಪೇಸ್ಟ್ ಹಚ್ಚಿ ಕಳುಹಿಸಿಯಾರು.

ಡೆಸ್ಕ್‌ಟಾಪಿನಲ್ಲಿ ಹೆಸರು ಮಾಡಿದ ಪೇಸ್ಟುಗಳು ಲ್ಯಾಪ್‌ಟಾಪಿನಲ್ಲಿ ಕೆಲವೇ ತಿಂಗಳಲ್ಲಿ ಸೋಲುವುದುಂಟು. ಲ್ಯಾಪ್‌ಟಾಪಿನ ಚಿಪ್ಪಿಗೆ ಲೋಹದ ಮುಚ್ಚಳವಿಲ್ಲ; ಬರಿ ಸಿಲಿಕಾನ್ ಮೇಲೆಯೇ ತಾಮ್ರ ಕೂರುತ್ತದೆ. ಬಿಸಿಯಾಗಿ ತಣ್ಣಗಾಗಿ ಹಿಗ್ಗಿ ಕುಗ್ಗುವಾಗ ತೆಳುವಾದ ಪೇಸ್ಟ್ ನಡುವಿನಿಂದ ಅಂಚಿಗೆ ಜರುಗಿಬಿಡುತ್ತದೆ. ನನ್ನ ಆಯ್ಕೆ ಹನಿವೆಲ್‌ನ ಪಿಟಿಎಂ7950. ಇದು ಪೇಸ್ಟಲ್ಲ, ತೆಳ್ಳಗಿನ ಹಾಳೆ. 45 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗಿ ಸಂದುಗಳನ್ನು ತುಂಬುತ್ತದೆ, ತಣ್ಣಗಾದಾಗ ಗಟ್ಟಿಯಾಗುತ್ತದೆ. ಅಂಚಿಗೆ ಜರುಗುವ ತೊಂದರೆ ತೀರಾ ಕಡಿಮೆ.

ಚಿಪ್ಪಿನ ಮೇಲೆ ಕೂರುವ ತಾಮ್ರದ ಜೋಡಣೆಯ, ಅಂದರೆ ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಸಂಖ್ಯೆ ಇರುತ್ತದೆ. ಬಿಚ್ಚುವಾಗ ದೊಡ್ಡದರಿಂದ ಚಿಕ್ಕದಕ್ಕೆ, ಕಟ್ಟುವಾಗ ಚಿಕ್ಕದರಿಂದ ದೊಡ್ಡದಕ್ಕೆ. ಯಾವುದನ್ನೂ ಒಂದೇ ಸಲಕ್ಕೆ ಪೂರ್ತಿ ಬಿಗಿಯಬೇಡಿ. ಎಲ್ಲವನ್ನೂ ಅರ್ಧರ್ಧ ಸುತ್ತು ತಿರುಗಿಸುತ್ತಾ ಬನ್ನಿ. ಹಳೆಯ ಪೇಸ್ಟನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ನಾರು ಬಿಡದ ಬಟ್ಟೆಯಿಂದ ಒರೆಸಿ. ಔಷಧದ ಅಂಗಡಿಯ 70 ಶೇಕಡಾದ ಸ್ಯಾನಿಟೈಸರಿನಲ್ಲಿ ನೀರಿರುತ್ತದೆ, ಅದು ಬೇಡ.

ಹಾಳೆಯ ಎರಡೂ ಕಡೆ ರಕ್ಷಣೆಯ ಪೊರೆ ಇರುತ್ತದೆ. ನಮ್ಮ ಸೆಕೆಗೆ ಹಾಳೆ ಮೆತ್ತಗಾಗಿ ಪೊರೆಯೊಂದಿಗೇ ಹರಿದು ಬರುತ್ತದೆ. ಅದಕ್ಕೆ ಹತ್ತು ಹದಿನೈದು ನಿಮಿಷ ಫ್ರಿಜ್ಜಿನಲ್ಲಿಡುವುದು ರೂಢಿ. ಇಲ್ಲಿ ಒಂದು ಎಚ್ಚರಿಕೆ: ಜಿಪ್ ಇರುವ ಗಾಳಿಯಾಡದ ಚೀಲದಲ್ಲಿ ಹಾಕಿಯೇ ಇಡಿ. ಹಾಗೆಯೇ ಇಟ್ಟರೆ ಹೊರತೆಗೆದ ಕ್ಷಣ ಅದರ ಮೇಲೆ ಹನಿ ಕೂರುತ್ತದೆ. ಹೊರತೆಗೆದ ಮೇಲೆ ಚೀಲದ ಹೊರಮೈಯ ನೀರು ಒರೆಸಿ, ಒಂದು ಪೊರೆಯನ್ನು ಚಟ್ಟನೆ ಎಳೆದು, ಚಿಪ್ಪಿನ ಮೇಲಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ಎರಡನೆಯದನ್ನು ತೆಗೆಯಿರಿ. ಪೂರ್ಣ ಫಲ ಕಾಣಲು ಯಂತ್ರ ಹಲವು ಸಲ ಬಿಸಿಯಾಗಿ ತಣ್ಣಗಾಗಬೇಕು. ಮೊದಲ ದಿನದ ಅಂಕಿ ನೋಡಿ ನಿರಾಶರಾಗಬೇಡಿ.

ವಿಡಿಯೊ ಮೆಮೊರಿ ಮತ್ತು ವಿದ್ಯುತ್ ಭಾಗಗಳ ಮೇಲಿನ ಥರ್ಮಲ್ ಪ್ಯಾಡುಗಳು (ಬಿಸಿ ದಾಟಿಸುವ ಮೆತ್ತನೆಯ ತುಂಡುಗಳು) ಹರಿಯದೆ ಇದ್ದರೆ ಮುಟ್ಟಬೇಡಿ. ಬದಲಿಸಲೇಬೇಕಾದರೆ ಮೊದಲಿದ್ದ ದಪ್ಪವೇ ಬೇಕು. ಅರ್ಧ ಮಿಲಿಮೀಟರ್ ಹೆಚ್ಚಾದರೂ ತಾಮ್ರ ಚಿಪ್ಪಿನ ಮೇಲೆ ಸರಿಯಾಗಿ ಕೂರದೆ ಉಷ್ಣಾಂಶ ಮೊದಲಿಗಿಂತ ಕೆಡುತ್ತದೆ.

ಪೇಸ್ಟಿನ ಬದಲು ದ್ರವಲೋಹ? ಕಾರ್ಖಾನೆಯಿಂದಲೇ ಅದನ್ನು ಹಾಕಿ ಬಂದ ಯಂತ್ರಗಳಿವೆ, ಅವುಗಳಲ್ಲಿ ಸುತ್ತ ತಡೆಗೋಡೆ ಇರುತ್ತದೆ. ಮನೆಯಲ್ಲಿ ಹಾಕಲು ಹೋಗಬೇಡಿ. ಅದು ವಿದ್ಯುತ್ ಹರಿಸುತ್ತದೆ, ಅದರಲ್ಲಿರುವ ಗ್ಯಾಲಿಯಮ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಬೆನ್ನಚೀಲದಲ್ಲಿ ಲ್ಯಾಪ್‌ಟಾಪ್ ಹೊತ್ತು ಪೆರ್ಲ, ನೀರ್ಚಾಲಿನ ತಿರುವುಗಳಲ್ಲಿ ಬೈಕ್ ಓಡಿಸುವವರಿಗಂತೂ ಖಂಡಿತ ಬೇಡ.

ಹಂತ 4: ಕಡಿವಾಣಗಳು

ಖರ್ಚಿಲ್ಲದ, ತಕ್ಷಣ ಫಲ ಕೊಡುವ ಕೆಲಸ ಫ್ರೇಮ್ ದರಕ್ಕೆ ಮಿತಿ ಹಾಕುವುದು. 144 ಹರ್ಟ್ಸ್ ಪರದೆಯಲ್ಲಿ 210 ಫ್ರೇಮ್ ಓಡಿದರೆ ಹೆಚ್ಚಿನವರಿಗೆ ಅದರಿಂದ ಬರುವುದು ಬಿಸಿ ಮಾತ್ರ. ಎನ್‌ವಿಡಿಯಾದ ನಿಯಂತ್ರಣ ಫಲಕದಲ್ಲಿಯೇ ಮಿತಿ ಹಾಕುವ ಸೌಲಭ್ಯವಿದೆ. ಕಥಾಪ್ರಧಾನ ಆಟಗಳಿಗೆ 60 ಅಥವಾ 72 ಸಾಕು.

ಎರಡನೆಯದು ಪ್ರೊಸೆಸರಿನ ವ್ಯಾಟ್ ಮಿತಿ. ಇಂಟೆಲ್‌ನಲ್ಲಿ ಪಿಎಲ್1 ಎಂಬುದು ಬಹಳ ಹೊತ್ತು ಎಳೆಯಬಹುದಾದ ವ್ಯಾಟ್, ಪಿಎಲ್2 ಸ್ವಲ್ಪ ಹೊತ್ತಿನದು. ಕೋರ್ ಐ7 12700ಎಚ್ ಪ್ರೊಸೆಸರಿಗೆ ಇಂಟೆಲ್ ಹೇಳುವ ಅಂಕಿಗಳು 45 ಮತ್ತು 115. ಗೇಮಿಂಗ್ ಲ್ಯಾಪ್‌ಟಾಪ್ ತಯಾರಕರು ಪಿಎಲ್1 ಅನ್ನು ಅದಕ್ಕಿಂತ ಬಹಳ ಮೇಲಿಟ್ಟಿರುವುದುಂಟು. ಆಟ ಆಡುವಾಗ ಪ್ರೊಸೆಸರಿಗೆ ಅಷ್ಟು ಬೇಕಾಗುವುದೇ ಇಲ್ಲ. ಥ್ರಾಟಲ್‌ಸ್ಟಾಪ್ ಎಂಬ ಉಚಿತ ತಂತ್ರಾಂಶದ ಟಿಪಿಎಲ್ ಕಿಟಕಿಯಲ್ಲಿ ಪಿಎಲ್1 ಅನ್ನು 55ಕ್ಕೂ ಪಿಎಲ್2 ಅನ್ನು 70ಕ್ಕೂ ಇಳಿಸಿ ನೋಡಿ. ಹಲವು ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಒಂದೇ ತಾಮ್ರದ ಕೊಳವೆಗಳನ್ನು ಹಂಚಿಕೊಂಡಿರುವುದರಿಂದ ಪ್ರೊಸೆಸರ್ ಬಿಟ್ಟುಕೊಟ್ಟ ತಂಪು ಗ್ರಾಫಿಕ್ಸಿಗೆ ಸಿಗುತ್ತದೆ, ಫ್ರೇಮ್ ದರ ಏರಿದರೂ ಆಶ್ಚರ್ಯವಿಲ್ಲ. ಎಎಮ್‌ಡಿ ಯಂತ್ರಗಳಿಗೆ ಯುನಿವರ್ಸಲ್ ಎಕ್ಸ್86 ಟ್ಯೂನಿಂಗ್ ಯುಟಿಲಿಟಿ ಎಂಬ ತಂತ್ರಾಂಶವಿದೆ.

ಫ್ಯಾನಿನ ವೇಗವನ್ನು ತಯಾರಕರ ತಂತ್ರಾಂಶದಲ್ಲಿಯೇ ತಿದ್ದಿ. 70 ಡಿಗ್ರಿಯಲ್ಲೇ ಜೋರಾಗಲು ಬಿಡಿ. 90 ಮುಟ್ಟಿದ ಮೇಲೆ ಎಚ್ಚರಗೊಳ್ಳುವ ಫ್ಯಾನು ಉಪಯೋಗಕ್ಕಿಲ್ಲ.

ಹಂತ 5: ವೋಲ್ಟೇಜ್ ಇಳಿಸುವುದು

ಇಡೀ ಲೇಖನದಲ್ಲಿ ಒಂದನ್ನೇ ಮಾಡುವಷ್ಟು ತಾಳ್ಮೆ ನಿಮಗಿದ್ದರೆ ಇದನ್ನು ಮಾಡಿ. ಚಿಪ್ಪು ಎಳೆಯುವ ವಿದ್ಯುತ್ತು ವೇಗದ ಜೊತೆ ನೇರ ಪ್ರಮಾಣದಲ್ಲಿ ಏರುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದ ಪ್ರಮಾಣದಲ್ಲಿ. 1.1 ವೋಲ್ಟಿನಲ್ಲಿ ಓಡುವ ಚಿಪ್ಪು ಅದೇ ವೇಗವನ್ನು 1.0 ವೋಲ್ಟಿನಲ್ಲಿ ಕೊಟ್ಟರೆ ಬಳಕೆ ಸುಮಾರು 17 ಶೇಕಡಾ ತಗ್ಗುತ್ತದೆ, ವೇಗ ಒಂದಿಷ್ಟೂ ಇಳಿಯದೆ. ಕಾರ್ಖಾನೆಯಲ್ಲಿ ಅತಿ ಕಳಪೆ ಚಿಪ್ಪೂ ಓಡಲೆಂದು ಎಲ್ಲಕ್ಕೂ ಸ್ವಲ್ಪ ಹೆಚ್ಚು ವೋಲ್ಟೇಜ್ ಕೊಟ್ಟಿರುತ್ತಾರೆ. ನಾವು ಕಡಿಯುವುದು ಆ ಹೆಚ್ಚಿನದನ್ನು.

ಗ್ರಾಫಿಕ್ಸಿನಿಂದ ಆರಂಭಿಸಿ, ಅದು ಸುಲಭ. ಆಫ್ಟರ್‌ಬರ್ನರ್ ತೆರೆದು ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಅಡ್ಡಕ್ಕೆ ವೋಲ್ಟೇಜ್, ಲಂಬಕ್ಕೆ ವೇಗ ಇರುವ ಒಂದು ವಕ್ರರೇಖೆ ಬರುತ್ತದೆ. ಆಟ ಓಡುವಾಗ ನಿಮ್ಮ ಚಿಪ್ಪು ಸಾಮಾನ್ಯವಾಗಿ ಯಾವ ವೇಗದಲ್ಲಿ ನಿಲ್ಲುತ್ತದೆಂದು ಹಂತ 1ರಲ್ಲಿ ಬರೆದಿಟ್ಟಿದ್ದೀರಿ. ಉದಾಹರಣೆಗೆ 950 ಮಿಲಿವೋಲ್ಟಿನಲ್ಲಿ 1,800 ಮೆಗಾಹರ್ಟ್ಸ್ ಎಂದುಕೊಳ್ಳಿ. 875 ಮಿಲಿವೋಲ್ಟಿನ ಚುಕ್ಕೆಯನ್ನು ಹಿಡಿದು 1,800ಕ್ಕೆ ಎತ್ತಿ. ಅದರ ಬಲಕ್ಕಿರುವ ಚುಕ್ಕೆಗಳನ್ನೆಲ್ಲ ಆಯ್ದು ಆ ಎತ್ತರಕ್ಕಿಂತ ಕೆಳಗೆ ಎಳೆಯಿರಿ. ಅನ್ವಯಿಸಿದ ಕೂಡಲೇ ರೇಖೆ ಅಲ್ಲಿಂದ ಮುಂದೆ ಚಪ್ಪಟೆಯಾಗುತ್ತದೆ. ಅಂದರೆ ಚಿಪ್ಪು ಇನ್ನು 875ನ್ನು ದಾಟುವುದಿಲ್ಲ. ಒಂದು ಗಂಟೆ ಆಡಿ. ಸರಿಯಿದ್ದರೆ 862, ಮತ್ತೆ 850. ಪರದೆಯಲ್ಲಿ ಬಣ್ಣದ ಚುಕ್ಕೆ ಮಿನುಗಿದರೆ, ಆಟ ತಾನಾಗಿ ಮುಚ್ಚಿದರೆ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. ಚಿಪ್ಪಿಗೆ ಹಾನಿಯಿಲ್ಲ, ಯಂತ್ರವನ್ನು ಮರುಚಾಲನೆ ಮಾಡಿದರೆ ಆಯಿತು. ವಿಂಡೋಸ್ ಆರಂಭವಾಗುವಾಗಲೇ ಅನ್ವಯಿಸುವ ಗುಂಡಿಯನ್ನು ಮಾತ್ರ ಪರೀಕ್ಷೆ ಪೂರ್ತಿ ಮುಗಿಯುವವರೆಗೆ ಒತ್ತಬೇಡಿ.

ಪ್ರೊಸೆಸರಿನದು ಸ್ವಲ್ಪ ರಾಜಕೀಯ. 2019ರಲ್ಲಿ ಸಂಶೋಧಕರು ವೋಲ್ಟೇಜ್ ಇಳಿಸುವ ಇದೇ ದಾರಿಯಿಂದ ಇಂಟೆಲ್ ಪ್ರೊಸೆಸರಿನ ಭದ್ರತಾ ಕವಚವನ್ನು ಮುರಿಯಬಹುದೆಂದು ತೋರಿಸಿದರು. ಪ್ಲಂಡರ್‌ವೋಲ್ಟ್ ಎಂಬುದು ಆ ದಾಳಿಗೆ ಇಟ್ಟ ಹೆಸರು. ಆಮೇಲೆ ಬಂದ ಬಯೋಸ್‌ಗಳಲ್ಲಿ (ವಿಂಡೋಸಿಗಿಂತ ಮೊದಲು ಓಡುವ, ಮದರ್‌ಬೋರ್ಡಿನ ಮೂಲ ತಂತ್ರಾಂಶದಲ್ಲಿ) ತಯಾರಕರು ವೋಲ್ಟೇಜಿಗೆ ಬೀಗ ಹಾಕತೊಡಗಿದರು. ಥ್ರಾಟಲ್‌ಸ್ಟಾಪಿನ ಎಫ್‌ಐವಿಆರ್ ಕಿಟಕಿಯಲ್ಲಿ 'ಲಾಕ್ಡ್' ಎಂದು ಕಂಡರೆ ಮೊದಲು ಬಯೋಸ್‌ನಲ್ಲಿ ಅಂಡರ್‌ವೋಲ್ಟ್ ಪ್ರೊಟೆಕ್ಷನ್ ಎಂಬ ಆಯ್ಕೆ ಇದೆಯೇ ನೋಡಿ. ಎಚ್‌ಎಕ್ಸ್ ಯಂತ್ರಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ವಿಂಡೋಸಿನ ಮೆಮೊರಿ ಇಂಟಿಗ್ರಿಟಿ ಎಂಬ ಭದ್ರತಾ ಸೌಲಭ್ಯವೂ ಕೆಲವು ಕಡೆ ಅಡ್ಡ ಬರುತ್ತದೆ. ಅದನ್ನು ನಿಲ್ಲಿಸಿದರೆ ಭದ್ರತೆ ತಗ್ಗುತ್ತದೆ. ಬ್ಯಾಂಕ್ ವ್ಯವಹಾರವೂ ಅದೇ ಯಂತ್ರದಲ್ಲಿ ನಡೆಯುವುದಾದರೆ ನಾನು ಅದನ್ನು ನಿಲ್ಲಿಸುವುದಿಲ್ಲ, ಹಂತ 4ರ ವ್ಯಾಟ್ ಮಿತಿಯಲ್ಲೇ ತೃಪ್ತನಾಗುತ್ತೇನೆ.

ಬೀಗ ಇಲ್ಲದಿದ್ದರೆ ಅದೇ ಎಫ್‌ಐವಿಆರ್ ಕಿಟಕಿಯಲ್ಲಿ ಕೋರ್ (ಲೆಕ್ಕ ಮಾಡುವ ಭಾಗ) ಮತ್ತು ಕ್ಯಾಶ್ (ಪ್ರೊಸೆಸರಿನೊಳಗಿನ ಮೆಮೊರಿ) ಎರಡಕ್ಕೂ ಒಂದೇ ಅಂಕಿ, ಮೊದಲು 50 ಮಿಲಿವೋಲ್ಟ್ ಕಡಿಮೆ. ಆಮೇಲೆ ಹತ್ತು ಹತ್ತಾಗಿ ಇಳಿಸಿ. 80ರಿಂದ 100ರ ನಡುವೆ ಹಲವು ಚಿಪ್ಪುಗಳು ನಿಲ್ಲುತ್ತವೆ. ಎಎಮ್‌ಡಿಯಲ್ಲಿ ಕರ್ವ್ ಆಪ್ಟಿಮೈಸರ್ ಎಂಬುದರಲ್ಲಿ ಋಣ 10ರಿಂದ ಆರಂಭಿಸಿ, ಐದೈದಾಗಿ ಋಣ 30ರವರೆಗೆ ಹೋಗಬಹುದು, ಬಯೋಸ್ ಅವಕಾಶ ಕೊಟ್ಟರೆ.

ಪರೀಕ್ಷೆಯಲ್ಲಿ ಹಲವರು ಮರೆಯುವ ಸಂಗತಿ: ಭಾರ ಹೊತ್ತಾಗ ಗಟ್ಟಿಯಾಗಿ ನಿಂತ ಯಂತ್ರ ಸುಮ್ಮನಿರುವಾಗ ಬೀಳಬಹುದು. ಸಿನಿಬೆಂಚ್ ಗೆದ್ದ ಲ್ಯಾಪ್‌ಟಾಪ್ ಬ್ರೌಸರಿನಲ್ಲಿ ಪತ್ರಿಕೆ ಓದುವಾಗ ನೀಲಿ ಪರದೆ ತೋರಿಸುವುದು ಇದರಿಂದಲೇ. ಒಂದು ವಾರ ದಿನನಿತ್ಯದ ಕೆಲಸಕ್ಕೆ ಬಳಸಿ, ಎಚ್‌ಡಬ್ಲ್ಯುಇನ್ಫೊದ ಕೆಳಭಾಗದಲ್ಲಿ ಡಬ್ಲ್ಯುಎಚ್‌ಇಎ ದೋಷಗಳ (ವಿಂಡೋಸ್ ದಾಖಲಿಸುವ ಯಂತ್ರಾಂಶದ ದೋಷಗಳ) ಸಂಖ್ಯೆ ಸೊನ್ನೆಯಲ್ಲೇ ಇದೆಯೇ ನೋಡಿಕೊಳ್ಳಿ.

ಹಂತ 6: ಇನ್ನು ಓವರ್‌ಕ್ಲಾಕಿಂಗ್

ಇಷ್ಟಾದ ಮೇಲೂ 33 ಡಿಗ್ರಿಯ ಕೋಣೆಯಲ್ಲಿ ಗ್ರಾಫಿಕ್ಸ್ 80 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಮುಂದೆ ಹೋಗಿ. ಆಫ್ಟರ್‌ಬರ್ನರಿನಲ್ಲಿ ಮೊದಲು ಮೆಮೊರಿ ವೇಗ: 200 ಮೆಗಾಹರ್ಟ್ಸ್ ಏರಿಸಿ, ಆಮೇಲೆ ನೂರು ನೂರಾಗಿ. ಪ್ರತಿ ಮೆಟ್ಟಿಲಿನಲ್ಲೂ 3ಡಿಮಾರ್ಕ್ ಎಂಬ ಗ್ರಾಫಿಕ್ಸ್ ಪರೀಕ್ಷೆಯ ತಂತ್ರಾಂಶದ ಅಥವಾ ಆಟದ ಒಳಗಿನ ಪರೀಕ್ಷೆಯ ಅಂಕ ಬರೆದಿಡಿ. ಆಟ ನಿಲ್ಲುವವರೆಗೆ ಕಾಯಬೇಡಿ; ಬೀಳುವ ಮೊದಲೇ ಅಂಕ ಇಳಿಯತೊಡಗಬಹುದು. ಎಲ್ಲಿ ಅಂಕ ಏರುವುದು ನಿಂತಿತೋ ಅದಕ್ಕಿಂತ ನೂರು ಹಿಂದೆ ನಿಲ್ಲಿ.

ಕೋರ್ ವೇಗವನ್ನು ಹಂತ 5ರ ರೇಖೆಯ ಮೇಲೆಯೇ ಏರಿಸಿ. ವೋಲ್ಟೇಜ್ ಮಿತಿಯನ್ನು ಹಾಗೆಯೇ ಬಿಟ್ಟು ಆ ಚುಕ್ಕೆಯನ್ನು 25 ಮೆಗಾಹರ್ಟ್ಸಿನಂತೆ ಮೇಲೆತ್ತುತ್ತಾ ಹೋದರೆ ಬಿಸಿ ಹೆಚ್ಚಿಸದೆ ಸಿಗುವಷ್ಟು ವೇಗ ಸಿಗುತ್ತದೆ. 75ರಿಂದ 100 ಸಿಕ್ಕರೆ ಒಳ್ಳೆಯ ಚಿಪ್ಪು.

ಎಚ್‌ಎಕ್ಸ್ ಪ್ರೊಸೆಸರಿನ ಗುಣಕವನ್ನು ಎಲ್ಲ ಕೋರುಗಳಿಗೂ ಏರಿಸುವುದು ನಮ್ಮ ಹವೆಯಲ್ಲಿ ಬಹುಮಟ್ಟಿಗೆ ವ್ಯರ್ಥ. ಒಂದು ಮೆಟ್ಟಿಲು, ಅಂದರೆ 100 ಮೆಗಾಹರ್ಟ್ಸ್ ಏರಿಸಿ ಫ್ರೇಮ್ ದರ ನೋಡಿ. ವ್ಯತ್ಯಾಸ ಕಾಣದಿದ್ದರೆ ಮರಳಿ ಇಳಿಸಿ. ವೋಲ್ಟೇಜ್ ಏರಿಸಿ ವೇಗ ಹುಡುಕುವ ಹಾದಿ ಲ್ಯಾಪ್‌ಟಾಪಿಗೆ ಅಲ್ಲ.

ಮಂಜು, ಹನಿ, ಬೂಸು, ಇರುವೆ

ತೇವದ ಎರಡನೆಯ ಹಾನಿ ಹನಿ ಕೂರುವುದು. ಮಳೆಗಾಲದಲ್ಲಿ ಗಾಳಿ 28 ಡಿಗ್ರಿ, ತೇವಾಂಶ 85 ಶೇಕಡಾ ಇದ್ದರೆ ಅದರ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕೂರುತ್ತದೆ. ಮಂಗಳೂರಿನ ಎಸಿ ಕಚೇರಿಯಲ್ಲಿ 22 ಡಿಗ್ರಿಗೆ ತಣಿದ ಲ್ಯಾಪ್‌ಟಾಪನ್ನು ಹೊರಗೆ ತಂದು ಕೂಡಲೇ ತೆರೆದರೆ ಪರದೆಯ ಮೇಲೆ ಮಂಜು ಕಾಣುತ್ತದೆ. ಕಾಣದ ಬೋರ್ಡಿನ ಮೇಲೂ ಅದೇ ಇರುತ್ತದೆ. ಚೀಲದೊಳಗೇ ಮುಚ್ಚಿಟ್ಟು ಒಂದು ಗಂಟೆ ಬಿಡಿ. ಮಂಜೇಶ್ವರ ತಲುಪುವಷ್ಟರಲ್ಲಿ ಸರಿಹೋಗಿರುತ್ತದೆ.

ಇದೇ ಕಾರಣಕ್ಕೆ ಐಸ್ ಚೀಲದ ಮೇಲೆ ಲ್ಯಾಪ್‌ಟಾಪ್ ಇಡುವುದು, ವಿದ್ಯುತ್ತಿನಿಂದ ಮಂಜುಗಟ್ಟುವಷ್ಟು ತಣ್ಣಗಾಗುವ ಪೆಲ್ಟಿಯರ್ ತಟ್ಟೆಗಳನ್ನು ಅಂಟಿಸುವುದು ಇಲ್ಲಿ ಅಪಾಯಕಾರಿ. ನೀರು ತುಂಬಿಸುವ ಏರ್ ಕೂಲರ್ ಕರಾವಳಿಯಲ್ಲಿ ತಂಪು ಕೊಡುವುದಿಲ್ಲ, ತೇವವನ್ನಷ್ಟೇ ಸೇರಿಸುತ್ತದೆ. ಕೋಣೆಯ ಬಿಸಿಗಾಳಿಯನ್ನು ಹೊರಹಾಕುವ ಒಂದು ಎಕ್ಸಾಸ್ಟ್ ಫ್ಯಾನು ಅದಕ್ಕಿಂತ ಎಷ್ಟೋ ಮೇಲು.

ಕುಂಬಳೆ, ಉಪ್ಪಳದ ಕಡಲ ಬದಿಯ ಮನೆಗಳಲ್ಲಿ ಉಪ್ಪಿನ ಗಾಳಿಯಿಂದ ಕನೆಕ್ಟರುಗಳಿಗೆ ಹಸಿರು ಕಿಲುಬು ಬರುತ್ತದೆ. ಬಳಸದೆ ಮುಚ್ಚಿಟ್ಟ ಯಂತ್ರಕ್ಕೇ ಇದು ಬೇಗ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಆಡದಿದ್ದರೂ ದಿನಕ್ಕೆ ಅರ್ಧ ಗಂಟೆ ಚಾಲೂ ಮಾಡಿಡಿ; ಒಳಗಿನ ಬಿಸಿ ತೇವವನ್ನು ಓಡಿಸುತ್ತದೆ, ಬೂಸು ಹಿಡಿಯುವುದಿಲ್ಲ. ಬೆಚ್ಚಗಿನ ಜಾಗ ಹುಡುಕಿ ಬರುವ ಇರುವೆಗಳಿಗಂತೂ ಮದ್ದು ಒಂದೇ: ಲ್ಯಾಪ್‌ಟಾಪಿನ ಬಳಿ ತಿಂಡಿ ತಿನ್ನಬೇಡಿ. ಕಿಂಡಿಗೆ ಕೀಟನಾಶಕ ಸಿಂಪಡಿಸಬೇಡಿ.

ವಿದ್ಯುತ್ತು ಮತ್ತು ಬ್ಯಾಟರಿ

ಅಡಾಪ್ಟರುಗಳು 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುತ್ತವೆ. ಒಳನಾಡಿನಲ್ಲಿ ಸಂಜೆ ವೋಲ್ಟೇಜ್ ಇಳಿದಾಗ ಅಷ್ಟೇ ವ್ಯಾಟ್ ಕೊಡಲು ಹೆಚ್ಚು ಕರೆಂಟು ಎಳೆದು ಅಡಾಪ್ಟರ್ ಹೆಚ್ಚು ಬಿಸಿಯಾಗುತ್ತದೆ. ಅದನ್ನು ನೆಲದ ಮೇಲೆ, ಗಾಳಿಯಾಡುವಲ್ಲಿ ಇಡಿ. 230 ಅಥವಾ 330 ವ್ಯಾಟಿನ ಅಡಾಪ್ಟರನ್ನು ಮನೆಯ ಇನ್ವರ್ಟರಿಗೆ ಜೋಡಿಸುವುದಾದರೆ ಅದು ಸೈನ್ ವೇವ್ ಮಾದರಿಯೇ ಆಗಿರಲಿ. ಸ್ಕ್ವೇರ್ ವೇವ್‌ನಲ್ಲಿ ಅಡಾಪ್ಟರ್ ಗುಂಯ್‌ಗುಡುತ್ತದೆ, ಬಿಸಿಯೂ ಆಗುತ್ತದೆ. ಗುಡುಗು ಕೇಳಿಸಿದರೆ ಪ್ಲಗ್ಗಿನ ಜೊತೆಗೆ ಇಂಟರ್ನೆಟ್ಟಿನ ತಂತಿಯನ್ನೂ ಕೀಳಿ.

ಬ್ಯಾಟರಿಗೆ ಬಿಸಿಯೇ ದೊಡ್ಡ ಶತ್ರು. ತಯಾರಕರ ತಂತ್ರಾಂಶದಲ್ಲಿ ಚಾರ್ಜ್ ಮಿತಿಯನ್ನು 80 ಶೇಕಡಾಕ್ಕೆ ಇಡಿ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ಅಡಿ ತಟ್ಟೆ ಮೇಜಿನ ಮೇಲೆ ಸಮವಾಗಿ ಕೂರದಿದ್ದರೆ ಬ್ಯಾಟರಿ ಊದಿದೆ ಎಂದರ್ಥ. ಆ ಕ್ಷಣಕ್ಕೆ ಬಳಕೆ ನಿಲ್ಲಿಸಿ ಬದಲಿಸಿ.

ಕೊನೆಯದಾಗಿ ಪ್ರೊಫೈಲುಗಳು. ಆಫ್ಟರ್‌ಬರ್ನರಿನಲ್ಲಿ ಐದು ಜಾಗಗಳಿವೆ, ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು ಉಳಿಸಿ. ಎನ್‌ವಿಡಿಯಾ ಚಿಪ್ಪು ತಣ್ಣಗಿರುವಾಗ ತನ್ನ ರೇಖೆಯನ್ನು ತಾನೇ ಸ್ವಲ್ಪ ಮೇಲಕ್ಕೆ ಜರುಗಿಸಿಕೊಳ್ಳುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಅಂಚಿನವರೆಗೆ ಒಯ್ದು ನಿಲ್ಲಿಸಿದ ಸೆಟ್ಟಿಂಗ್ ಜುಲೈಯಲ್ಲಿ ಬೀಳಬಹುದು. ಮಳೆಗಾಲದ ಪ್ರೊಫೈಲಿನಲ್ಲಿ ಕೋರ್ ವೇಗವನ್ನು 15ರಿಂದ 30 ಮೆಗಾಹರ್ಟ್ಸ್ ಕಡಿಮೆ ಇಡಿ. ಬಯೋಸ್ ಅಪ್‌ಡೇಟ್ ಬಂದರೆ ಏನೇನು ಬದಲಾಗಿದೆ ಎಂದು ಓದಿಯೇ ಹಾಕಿ: ವೋಲ್ಟೇಜಿನ ಬೀಗ ಮತ್ತೆ ಬೀಳುವುದು ಅಲ್ಲಿಯೇ, ಬಿದ್ದ ಮೇಲೆ ಹಳೆಯ ಆವೃತ್ತಿಗೆ ಮರಳಲು ಕೆಲವು ತಯಾರಕರು ಬಿಡುವುದಿಲ್ಲ.